ಊರಿನ ಬೋರ್ಡಿನೊಳಗಿನ ಪದಗಳು

ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಮಕ್ಕಳ ಜೊತೆ ಆಡಲು ಒಂದು ಆಟ. ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳಿಂದಲೇ ಬೇರೆ ಪದ ಕಟ್ಟಬೇಕು. ಕೌಜಲಗಿಯನ್ನು ಕೆ, ಎ, ಯು, ಜೆ, ಎ, ಎಲ್, ಎ, ಜಿ, ಐ ಎಂದು ಬರೆದರೆ ಜೈಲ್, ಜಗ್, ಗಾಲಾ, ಪಾಚಿಗೆ ಹೇಳುವ ಆಲ್ಗಾ ಎಲ್ಲ ಅದರಲ್ಲೇ ಇವೆ. ಮೂಡಲಗಿಯಲ್ಲಿ ಮಡ್, ಮೇಲ್, ಡಯಲ್ ಸಲೀಸಾಗಿ ಸಿಗುತ್ತವೆ. ಗಿಲ್ಡ್ ಹೊಳೆಯಲು ಸ್ವಲ್ಪ ತಡವಾಗುತ್ತದೆ. ಹುಕ್ಕೇರಿಯಲ್ಲಿ ಹೈಕರ್ ಇದ್ದಾನೆ. ಗೋಕಾಕದಲ್ಲಿ ಓಕ್ ಮರವಿದೆ.

ಹೀಗೆಯೇ ಅಕ್ಷರದ ಬಿಲ್ಲೆಗಳಿಂದ ಇಂಗ್ಲಿಷ್ ಪದ ಕಟ್ಟುವ ಸ್ಕ್ರಾಬಲ್ ಆಟ ರೂಪಿಸಿದ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ದಿನಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿದವರು. ಆ ಆಟದ 100 ಬಿಲ್ಲೆಗಳಲ್ಲಿ ಇ ಅಕ್ಷರದವು 12. ಜೆ ಒಂದೇ ಒಂದು, ಅದಕ್ಕೆ 8 ಅಂಕ. ಕೆ ಕೂಡ ಒಂದೇ, 5 ಅಂಕ. ನಮ್ಮ ಕೌಜಲಗಿಯಲ್ಲಿ ಎರಡೂ ಇವೆ! ಊರಿನ ಹೆಸರು ಸ್ಕ್ರಾಬಲ್‌ನಲ್ಲಿ ನಡೆಯುವುದಿಲ್ಲ, ಅಷ್ಟೇ.

ಅಕ್ಷರ ಒತ್ತಿದರೆ ಪದಗಳ ಪಟ್ಟಿ ಕೊಡುವ ಆ್ಯಪ್‌ಗಳಿವೆ. ಅವು ಗೆಲ್ಲಿಸುತ್ತವೆ, ಕಲಿಸುವುದು ಕಡಿಮೆ. ಅಪರೂಪದ ಅಕ್ಷರವನ್ನು ಮೊದಲು ಹಿಡಿದು, ಅದರ ಅಕ್ಕಪಕ್ಕ ಸ್ವರ ಕೂರಿಸಿ ನೋಡುವ ಅಭ್ಯಾಸವಾದರೆ ಕನ್ನಡ ಸಾಲಿಯ ಹುಡುಗರಿಗೂ ಸ್ಪೆಲ್ಲಿಂಗ್ ಭಯ ಬಿಡುತ್ತದೆ. ಬಾಯಿಪಾಠಕ್ಕಿಂತ ಇದು ಖಂಡಿತ ಮೇಲು.

ನಿಮ್ಮೂರಿನ ಹೆಸರನ್ನೂ ಮಕ್ಕಳಿಂದ ಬಿಡಿಸಿ ನೋಡ್ರಿ, ಸಿಕ್ಕ ಪದಗಳನ್ನು ಕೆಳಗೆ ಬರೀರಿ.