ಕಾಫಿಯ ಸೀಮೆಯಲ್ಲಿ ಹಸಿರು ಚಹಾ

ಬೆಳಗಿನ ಆರು ಗಂಟೆಗೆ ಜಯನಗರ ನಾಲ್ಕನೆಯ ಬ್ಲಾಕಿನ ಯಾವ ಅಡ್ಡರಸ್ತೆಯಲ್ಲಿ ನಡೆದರೂ ಮೂಗಿಗೆ ಮೊದಲು ಸಿಗುವುದು ಕಾಫಿ ಡಿಕಾಕ್ಷನ್ನಿನ ಘಮ. ಗಾಂಧಿ ಬಜಾರಿನಿಂದ ಬನಶಂಕರಿಯವರೆಗೆ, ಸೌತ್ ಎಂಡ್ ವೃತ್ತದಿಂದ ಜೆ.ಪಿ. ನಗರದವರೆಗೆ ಇದು ಕಾಫಿಯ ಸೀಮೆ. ಪುಡಿ ಅಂಗಡಿಯ ಮುಂದೆ ನಿಂತು ಪೀಬೆರಿ ಎಷ್ಟು, ಚಿಕೋರಿ ಎಷ್ಟು ಎಂದು ಲೆಕ್ಕ ಹೇಳಿ ಬೀಸಿಸಿಕೊಂಡು ಹೋಗುವ ಜನ ಇಲ್ಲಿಯವರು. ಇಂಥ ಸೀಮೆಗೆ ಹಸಿರು ಚಹಾ ಕಾಲಿಟ್ಟದ್ದು ರುಚಿಯ ದಾರಿಯಿಂದಲ್ಲ, ಔಷಧದ ದಾರಿಯಿಂದ. ಪಾರ್ಕಿನಲ್ಲಿ ನಡೆಯುವಾಗ ಯಾರೋ 'ತೂಕ ಇಳಿಯುತ್ತದೆ' ಎನ್ನುತ್ತಾರೆ, ಮತ್ತೊಬ್ಬರು 'ಸಕ್ಕರೆಗೂ ಒಳ್ಳೆಯದು' ಎಂದು ಸೇರಿಸುತ್ತಾರೆ. ಸಂಜೆಯ ಹೊತ್ತಿಗೆ ಮನೆಗೊಂದು ಪೊಟ್ಟಣ ಬಂದಿರುತ್ತದೆ.

ಮುಂದಿನದು ಅನೇಕ ಮನೆಗಳಲ್ಲಿ ಒಂದೇ ಕಥೆ. ಹಾಲು ಹಾಕಿದ ಟೀ ಮಾಡಿದ ಕೈ, ಎಲೆಯನ್ನು ಪಾತ್ರೆಗೆ ಸುರಿದು ಐದು ನಿಮಿಷ ಕುದಿಸುತ್ತದೆ. 'ಅಮ್ಮಾ, ಇದೇನು ಬೇವಿನ ಕಷಾಯವಾ?' ಎಂದು ಮಗ ಕೇಳಿದರೆ, 'ಒಳ್ಳೇದು ಕಣೋ, ಮೂಗು ಮುಚ್ಚಿಕೊಂಡು ಕುಡಿ' ಎಂಬ ಉತ್ತರ. ನಾಲ್ಕನೆಯ ದಿನ ಪೊಟ್ಟಣ ಮೆಂತ್ಯದ ಡಬ್ಬಿಯ ಹಿಂದೆ ಸೇರುತ್ತದೆ.

ತಪ್ಪು ಎಲೆಯದಲ್ಲ. ಚೀನಾದ ಹಾಂಗ್‌ಝೌ ಊರಿನ ಸುತ್ತ ಬೆಳೆಯುವ ಲಾಂಗ್‌ಜಿಂಗ್‌ನಂಥ ಹಸಿರು ಚಹಾ ಬಹು ಸೌಮ್ಯವಾದದ್ದು. ಸರಿಯಾಗಿ ಮಾಡಿದರೆ ಬಣ್ಣ ತಿಳಿ ಹಳದಿ ಹಸಿರು, ರುಚಿಯಲ್ಲಿ ಹುರಿದ ಕಾಳಿನ ನೆನಪು, ಗುಟುಕು ಇಳಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ನಿಧಾನವಾಗಿ ಬರುವ ಸಿಹಿ. ಅದಕ್ಕೆ ಹಾಲೂ ಬೇಡ, ಸಕ್ಕರೆಯೂ ಬೇಡ. ಇಷ್ಟು ಮೆದುವಾದ ಪಾನೀಯ ಕಷಾಯವಾಗುವುದು ಎರಡು ಕಾರಣಕ್ಕೆ, ಶಾಖ ಮತ್ತು ನೀರು. ಎರಡನ್ನೂ ಅರಿಯಲು ದಕ್ಷಿಣ ಬೆಂಗಳೂರಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ನಮ್ಮ ಮೆಟ್ರೊದ ಹಸಿರು ಮಾರ್ಗ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಬಡಾವಣೆಗೆ ಕರೆದೊಯ್ಯುತ್ತದೆ. ಒಂದು ಭಾನುವಾರ, ನಾಲ್ಕು ಖಾಲಿ ಬಾಟಲಿ, ನಾಲ್ಕು ಕಡೆಯ ನೆಂಟರ ಅಥವಾ ಗೆಳೆಯರ ಮನೆ, ಇಷ್ಟಿದ್ದರೆ ಸಾಕು.

ಮೊದಲು ಜಯನಗರದ ಒಲೆಯ ಮುಂದೆ ನಿಂತು ಶಾಖದ ವಿಷಯ ಮುಗಿಸಿಕೊಳ್ಳಬಹುದು. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದಾರೆ. ಕಾಯಿಯೊಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕದ ನೆರವಿನಿಂದ ಮಾಡುವ ಕೆಲಸ ಅದು. ಚಹಾ ಎಲೆಯಲ್ಲೂ ಅದೇ ಬಗೆಯ ಕಿಣ್ವವಿದೆ. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ, ಕಂದಾಗಲು ಬಿಟ್ಟರೆ ನಮ್ಮ ಮಾಮೂಲಿ ಟೀ ಪುಡಿ. ಕಿತ್ತ ಸ್ವಲ್ಪ ಹೊತ್ತಿಗೇ ಕಾದ ಬಾಣಲೆಯಲ್ಲಿ ಹುರಿದು ಕಿಣ್ವವನ್ನು ಅಲ್ಲಿಗೇ ಸುಮ್ಮನಾಗಿಸಿದರೆ ಹಸಿರು ಚಹಾ. ಗಿಡ ಒಂದೇ, ಗತಿ ಎರಡು. ಕಂದಾಗದ ಎಲೆಯಲ್ಲಿ ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಹಾಗೇ ಉಳಿದಿರುತ್ತವೆ. ಜೊತೆಗೆ ಕಹಿಯ ಕೆಫೀನ್, ಮತ್ತು 1949ರಲ್ಲಿ ಜಪಾನಿನಲ್ಲಿ ಪತ್ತೆಯಾದ ಥಿಯಾನಿನ್ ಎಂಬ ಅಮೈನೊ ಆಮ್ಲ. ನಾಲಿಗೆಗೆ ಸವಿ ಕೊಡುವುದರಲ್ಲಿ ಈ ಮೂರನೆಯದರ ಪಾತ್ರ ದೊಡ್ಡದು. ಥಿಯಾನಿನ್ ಬೆಚ್ಚಗಿನ ನೀರಿಗೇ ಸುಲಭವಾಗಿ ಇಳಿಯುತ್ತದೆ. ಒಗರೂ ಕಹಿಯೂ ನೀರು ಬಿಸಿಯಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಹೆಚ್ಚು ಇಳಿಯುತ್ತವೆ. ಐದು ನಿಮಿಷ ಕುದಿಸಿದವರ ಲೋಟದಲ್ಲಿ ಸವಿ ಇಲ್ಲದಿಲ್ಲ. ಒಗರಿನ ಅಡಿಯಲ್ಲಿ ಹೂತುಹೋಗಿದೆ, ಅಷ್ಟೆ.

ಈ ಚಹಾಕ್ಕೆ ಹಿತವಾದ ಉಷ್ಣತೆ 75ರಿಂದ 80 ಡಿಗ್ರಿ ಸೆಲ್ಸಿಯಸ್. ಮನೆಯಲ್ಲಿ ಥರ್ಮಾಮೀಟರ್ ಇಲ್ಲವೆಂದು ಚಿಂತಿಸಬೇಕಿಲ್ಲ. (ಜ್ವರ ನೋಡುವ ಥರ್ಮಾಮೀಟರನ್ನು ಬಿಸಿ ನೀರಿಗೆ ಇಳಿಸಿ ಒಡೆಯುವ ಸಾಹಸ ಖಂಡಿತ ಬೇಡ.) ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ವಾಯುಭಾರ ಇಳಿಯುತ್ತದೆ. ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಕೆಳಗಿಳಿಯುತ್ತದೆ. ಪಠ್ಯಪುಸ್ತಕದ 100 ಡಿಗ್ರಿ ಮಂಗಳೂರಿಗೆ ಸರಿ. ಜಯನಗರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಈಗ ಲೆಕ್ಕ ಹಾಕಿ. ಕುದಿಯುವ ನೀರು ಮೂರು ಲೋಟ, ಕೊಠಡಿಯಲ್ಲಿಟ್ಟ 25 ಡಿಗ್ರಿಯ ನೀರು ಒಂದು ಲೋಟ. ಮೂರು ತೊಂಬತ್ತೇಳು 291, ಅದಕ್ಕೆ 25 ಕೂಡಿದರೆ 316, ನಾಲ್ಕರಿಂದ ಭಾಗಿಸಿದರೆ 79. ಪಾತ್ರೆ ಒಂದಿಷ್ಟು ಶಾಖ ಹೀರಿಕೊಂಡರೂ ನಷ್ಟವಿಲ್ಲ. ಮಿಶ್ರಣದ ಈ ಲೆಕ್ಕವನ್ನು ಹೈಸ್ಕೂಲು ಮಕ್ಕಳು ಪರೀಕ್ಷೆಗಾಗಿ ಮಾಡುತ್ತಾರೆ. ಅದನ್ನು ಕುಡಿದು ತಾಳೆ ನೋಡುವ ಅವಕಾಶ ಅಪರೂಪ.

ಲೆಕ್ಕ ಬೇಡವೆಂದರೆ ಕಾಫಿ ಆರಿಸುವ ಲೋಟ ಬಟ್ಟಲು ಇದ್ದೇ ಇದೆ. ಕುದಿದ ನೀರನ್ನು ಒಂದರಿಂದ ಇನ್ನೊಂದಕ್ಕೆ ಎರಡು ಮೂರು ಬಾರಿ ಎತ್ತಿ ಹಾಕಿದರೆ ಕೆಲಸ ಆಯಿತು. ಆ ನೀರನ್ನು, ಒಬ್ಬರಿಗೆ ಮುಕ್ಕಾಲು ಲೋಟದಂತೆ, ಒಂದು ಟೀ ಚಮಚ ಎಲೆಯ ಮೇಲೆ ಸುರಿದು ಎರಡು ನಿಮಿಷ ಬಿಟ್ಟು ಸೋಸಬೇಕು. ಒಂದು ಎಚ್ಚರ: ಕಾಫಿ ಫಿಲ್ಟರಿನಲ್ಲಿ ಮಾತ್ರ ಸೋಸಬಾರದು. ಎಷ್ಟು ತಿಕ್ಕಿ ತೊಳೆದರೂ ಕಾಫಿಯ ಎಣ್ಣೆಯ ಅಂಶ ಅದರಲ್ಲಿ ಉಳಿದಿರುತ್ತದೆ. ಸೌಮ್ಯ ಚಹಾ ಅದರ ಮುಂದೆ ಸೋಲುತ್ತದೆ. ಒಣ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವ ಜಾತಿಯದು, ಇಂಗು ಸಾರಿನಪುಡಿಗಳ ನೆರೆಯಲ್ಲಿ ಇಟ್ಟರೆ ಒಂದು ವಾರದಲ್ಲಿ ಸಾರಿನ ಚಹಾ ತಯಾರು. ಇದೇ ಗುಣವನ್ನು ಬಳಸಿಕೊಂಡು ಚೀನೀಯರು ಎಲೆಯನ್ನು ಮಲ್ಲಿಗೆಯೊಂದಿಗೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಹೂವನ್ನು ಬೇರ್ಪಡಿಸಿ ಮಲ್ಲಿಗೆ ಚಹಾ ಮಾಡುತ್ತಾರೆ. ಗಾಂಧಿ ಬಜಾರಿನಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ಮಲ್ಲಿಗೆಯ ಬಳಗದ ಹೂವೇ ಅದು. ಆದರೆ ಮಾರುಕಟ್ಟೆಯ ಹೂವಿಗೆ ಕೀಟನಾಶಕ ಹೊಡೆದಿರಬಹುದಾದ್ದರಿಂದ ಈ ಪ್ರಯೋಗ ಮನೆಯಂಗಳದ ಬಳ್ಳಿ ಇದ್ದವರಿಗಷ್ಟೇ.

ಜಯನಗರದಿಂದ ಹೊರಟು ಬನಶಂಕರಿಯಲ್ಲಿ ಇಳಿದರೆ ಕಾಣುವುದು ಕನಕಪುರ ರಸ್ತೆ. ನೀರಿನ ಕಥೆ ಈ ರಸ್ತೆಯಲ್ಲೇ ಇದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾದ ಕಾವೇರಿ, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪುಗಳಲ್ಲಿ ಮತ್ತೆ ಮತ್ತೆ ಎತ್ತಲ್ಪಟ್ಟು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುವುದು ಈ ದಿಕ್ಕಿನಿಂದಲೇ. ಮೊದಲ ಹಂತದ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ನಲ್ಲಿ ತಿರುಗಿಸಿ ಬಂದ ನೀರು ಐನೂರು ಮೀಟರ್ ಹತ್ತಿ ಬಂದ ದಣಿವನ್ನು ತೋರಿಸುವುದಿಲ್ಲ, ಆದ್ದರಿಂದ ನಮಗೆ ನೆನಪಿರುವುದೂ ಇಲ್ಲ.

ಎಂಟನೆಯ ಶತಮಾನದಲ್ಲಿ ಚೀನಾದ ಲು ಯು ಎಂಬಾತ ಚಹಾದ ಬಗ್ಗೆಯೇ ಒಂದು ಗ್ರಂಥ ಬರೆದ. ಅದರಲ್ಲಿ ನೀರಿಗೂ ದರ್ಜೆಗಳಿವೆ. ಬೆಟ್ಟದ ಒರತೆ ಉತ್ತಮ, ನದಿ ಮಧ್ಯಮ, ಬಾವಿ ಕೊನೆ. ಕುದಿಯುವ ನೀರಿನ ಹಂತಗಳನ್ನು ಆತ ಗುಳ್ಳೆ ನೋಡಿಯೇ ಹೇಳಿದ್ದಾನೆ, ಮೀನಿನ ಕಣ್ಣಿನಂಥವು, ಮುತ್ತಿನ ಸರದಂಥವು ಎಂದೆಲ್ಲ. ಹಾಂಗ್‌ಝೌ ಜನರಿಗೆ ಲಾಂಗ್‌ಜಿಂಗ್ ಎಲೆ ಎಂದರೆ ಹುಪಾವೊ ಒರತೆಯ ನೀರೇ ಜೋಡಿ. ಲು ಯು ಬನಶಂಕರಿಗೆ ಬಂದಿದ್ದರೆ ಕಾವೇರಿಗೆ ಎರಡನೆಯ ದರ್ಜೆ ಕೊಡುತ್ತಿದ್ದ. ಜೆ.ಪಿ. ನಗರಕ್ಕೆ ಹೋದಾಗ ಬಹುಶಃ ಮುಖ ಸಿಂಡರಿಸುತ್ತಿದ್ದ.

ಏಕೆಂದರೆ ಜಯಪ್ರಕಾಶ ನಾರಾಯಣರ ಹೆಸರಿನ ಈ ಬಡಾವಣೆ ದಕ್ಷಿಣಕ್ಕೆ ಬೆಳೆದಂತೆಲ್ಲ, ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳನ್ನು ದಾಟಿ ಮನೆಗಳು ಎದ್ದಂತೆಲ್ಲ, ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಿಕೊಂಡಿತು. 2024ರ ಬೇಸಿಗೆಯಲ್ಲಿ ನಗರದ ಕೊಳವೆ ಬಾವಿಗಳು ಬತ್ತಿದಾಗ ಟ್ಯಾಂಕರಿಗಾಗಿ ಕಾದವರು ಅದನ್ನು ಮರೆತಿರಲಾರರು. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಗೀಸರಿನೊಳಗೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಕಲ್ಲು ಅದರ ಸಾಕ್ಷಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಒಪ್ಪುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅಂಕಿ ಬೇಡವಾದರೆ ಸಾಬೂನು ಸಾಕು. ನಾಲ್ಕು ಬಾಟಲಿಗಳಿಗೂ ಒಂದೇ ಅಳತೆಯ ಸಾಬೂನು ತುರಿ ಹಾಕಿ ಕುಲುಕಿದರೆ ಯಾವುದು ಮೆದು, ಯಾವುದು ಗಡಸು ಎಂದು ನೊರೆಯೇ ಹೇಳುತ್ತದೆ. ಅನೇಕ ಮನೆಗಳ ಸಂಪಿನಲ್ಲಿ ಕಾವೇರಿಯೂ ಕೊಳವೆ ಬಾವಿಯೂ ಬೆರೆತಿರುವುದರಿಂದ ಬಡಾವಣೆಯ ಹೆಸರು ನೋಡಿ ಉತ್ತರ ಬರೆದುಕೊಳ್ಳಬಾರದು.

ಆಮೇಲೆ, ಸಾಬೂನು ಹಾಕದೆ ಉಳಿಸಿಕೊಂಡ ನೀರನ್ನು ಚೆನ್ನಾಗಿ ಕುದಿಸಿ, ಒಂದೇ ಉಷ್ಣತೆಗೆ ಆರಿಸಿ, ಒಂದೇ ಎಲೆಯ ಮೇಲೆ ಸುರಿದು ನೋಡಬೇಕು. ಗಡಸು ನೀರಿನ ಚಹಾ ತಿಳಿಯಾಗಿರದೆ ಹಳದಿ ಕಂದಿಗೆ ತಿರುಗುತ್ತದೆ, ಘಮ ಕುಗ್ಗುತ್ತದೆ, ಕೆಲವೊಮ್ಮೆ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಇಲ್ಲಿಯವರೆಗೆ ಲು ಯು ಗೆದ್ದ. ಆದರೆ ಒಂದು ತಿರುವು ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲವಣ ತೆಗೆದ ನೀರು ಹಸಿರು ಚಹಾದ ಮುಖ್ಯ ಕ್ಯಾಟೆಚಿನ್ನನ್ನು ನಲ್ಲಿ ನೀರಿಗಿಂತ ಹೆಚ್ಚು ಸೆಳೆದುಕೊಂಡಿತು, ಹೀಗಾಗಿ ಹೆಚ್ಚು ಕಹಿಯಾಯಿತು; ಕುಡಿದು ನೋಡಿದ ಸಾಮಾನ್ಯ ಜನ ಲವಣವಿದ್ದ ನಲ್ಲಿ ನೀರಿನ ಚಹಾವನ್ನೇ ಮೆಚ್ಚಿದರು. ಅಡುಗೆಮನೆಯಲ್ಲಿ ಆರ್.ಓ. ಯಂತ್ರ ಇರುವವರು ಈ ಮಾತನ್ನು ಗಮನಿಸಬೇಕು. ಅತಿ ಶುದ್ಧ ನೀರಿಗೆ ಎಲೆ ಕಡಿಮೆ, ಸಮಯ ಕಡಿಮೆ. ದೊಡ್ಡವರು ಬರೆದ ದರ್ಜೆಯನ್ನೂ ಸಾವಿರ ವರ್ಷದ ಮೇಲೆ ನಾಲಿಗೆಯಿಂದ ಪರೀಕ್ಷಿಸಬಹುದೆಂಬುದು ಮಕ್ಕಳಿಗೆ ಇಷ್ಟವಾಗುವ ಸಂಗತಿ.

ತಂದೆತಾಯಿಗಳು ತಿಳಿದಿರಬೇಕಾದ ಸಂಗತಿ ಬೇರೆ. ಹಸಿರು ಚಹಾ ತೂಕದ ಔಷಧವಲ್ಲ; ಆ ಹೆಸರಿನಲ್ಲಿ ಅದನ್ನು ಮಕ್ಕಳಿಗೆ ಕುಡಿಸುವುದರಲ್ಲಿ ಅರ್ಥವಿಲ್ಲ. ಅದರ ಕ್ಯಾಟೆಚಿನ್‌ಗಳು ರಾಗಿ, ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ತಡೆಯುತ್ತವೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಇಂಥಲ್ಲಿ 'ದಪ್ಪ ಆಗ್ತೀಯ' ಎಂದು ಮಗಳ ಊಟದ ತಟ್ಟೆಯ ಪಕ್ಕದಲ್ಲೇ ಹಸಿರು ಚಹಾ ಇಡುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಊಟದ ಜೊತೆಗೆ ಬೇಕಾದ್ದು ನಿಂಬೆಹಣ್ಣು. ಅದರ ಸಿ ಜೀವಸತ್ತ್ವ ಕಬ್ಬಿಣ ಸೇರಲು ನೆರವಾಗುತ್ತದೆ. ಬನಶಂಕರಿ ಅಮ್ಮನ ಗುಡಿಯ ಮುಂದೆ ನಿಂಬೆಯ ಹೋಳಿನಲ್ಲಿ ದೀಪ ಹಚ್ಚಲು ಹಣ್ಣು ಕೊಳ್ಳುವವರು ಎರಡು ಹೆಚ್ಚಿಗೆ ಕೊಂಡರಾಯಿತು.

ಕೊನೆಯ ನಿಲ್ದಾಣ ಬಿ.ಟಿ.ಎಂ. ಬಡಾವಣೆ. ಮೂರಕ್ಷರ ಮೂರು ಊರಿನವು: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೊದಲೆರಡರ ಹೆಸರಿನಲ್ಲೇ ನೀರಿದೆ. ಮೂರನೆಯದರಲ್ಲಿ ಸಾಬೂನಿಗೆ ನೊರೆ ಬರದ ನೀರಿನ ಕಷ್ಟ ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿದ್ದಾನೆ. ಈಗ ಇಲ್ಲಿ ಪಿ.ಜಿ.ಗಳ ಸಾಲು, ಧಾರವಾಡದ ಹುಡುಗ, ಉಡುಪಿಯ ಹುಡುಗಿ, ಈಶಾನ್ಯ ರಾಜ್ಯಗಳ ಮಕ್ಕಳು, ಎಲ್ಲರೂ ಒಂದೇ ಬೀದಿಯಲ್ಲಿ. ಒಬ್ಬ ಚಹಾ ಎನ್ನುತ್ತಾನೆ, ಒಬ್ಬಳು ಚಾ ಎನ್ನುತ್ತಾಳೆ, ಬೆಂಗಳೂರಿನವನು ಟೀ ಎನ್ನುತ್ತಾನೆ. ಮೂರೂ ಚೀನಾದ ಒಂದೇ ಅಕ್ಷರದಿಂದ ಬಂದವು. ಅದನ್ನು ಚೀನಾದ ಬಹುಭಾಗದಲ್ಲಿ ಚಾ ಎಂದೂ ಆಗ್ನೇಯ ಕರಾವಳಿಯ ಫುಜಿಯನ್ ಕಡೆಯಲ್ಲಿ ತೇ ಎಂದೂ ಓದುತ್ತಾರೆ. ತೇ ಎಂಬುದು ಡಚ್ಚರ ಹಡಗು ಹತ್ತಿ ಯೂರೋಪಿಗೆ ಹೋಗಿ, ಇಂಗ್ಲಿಷಿನ ಟೀ ಆಗಿ ನಮ್ಮಲ್ಲಿಗೆ ಬಂತು.

ಪರೀಕ್ಷೆಯ ಕಾಲದಲ್ಲಿ ರಾತ್ರಿ ಓದಲು ಈ ಕೋಣೆಗಳಲ್ಲಿ ಏನಾದರೊಂದು ಬಿಸಿ ಬೇಕೇ ಬೇಕು. ಹಸಿರು ಚಹಾದಲ್ಲಿ ಕೆಫೀನ್ ಕಾಫಿಗಿಂತ ಕಡಿಮೆ ಇದ್ದರೂ ಇಲ್ಲದಿಲ್ಲ, ಮಲಗುವ ಹೊತ್ತಿನಲ್ಲಿ ಕುಡಿದರೆ ನಿದ್ದೆ ಕೆಡುತ್ತದೆ. ಸಂಜೆಗೆ ಮುಗಿಸಿಬಿಡುವುದು ಲೇಸು. ಒಲೆ ಇಲ್ಲದ ಕೋಣೆಯವರಿಗೆ ಇನ್ನೊಂದು ದಾರಿಯಿದೆ: ಕುದಿಸಿ ಆರಿಸಿದ ತಣ್ಣೀರಿಗೆ ಬೆಳಿಗ್ಗೆ ಎಲೆ ಹಾಕಿ, ಮುಚ್ಚಿ, ಮಧ್ಯಾಹ್ನ ಸೋಸಿದರೆ ಒಗರೇ ಇಲ್ಲದ ಸಿಹಿ ನೀರು. ಚೀನಾದ ಎಲೆ ಸಿಗದಿದ್ದರೆ ನೀಲಗಿರಿಯದು ಆದೀತು. ಕರ್ನಾಟಕದಲ್ಲೂ ಕಳಸದ ಬಳಿಯ ಸಂಸೆಯಲ್ಲಿ, ಕೆಳಗೂರಿನಲ್ಲಿ ಚಹಾ ತೋಟಗಳಿವೆ. ದಾರ ಕಟ್ಟಿದ ಚೀಲದ ಪುಡಿಗಿಂತ ಇಡೀ ಎಲೆ ವಾಸಿ. ಪುಡಿಯ ಮೇಲ್ಮೈ ಹೆಚ್ಚು, ಕಹಿಯೂ ಬೇಗ ಇಳಿಯುತ್ತದೆ.

ಇಡೀ ಎಲೆಗೆ ಇನ್ನೊಂದು ಲಾಭ ಇದೆ. ಅದೇ ಎಲೆಗೆ ಎರಡನೆಯ, ಮೂರನೆಯ ಬಾರಿ ನೀರು ಹಾಕಬಹುದು. ಪ್ರತಿ ಸಲವೂ ಅರ್ಧ ನಿಮಿಷ ಹೆಚ್ಚಿಗೆ ಬಿಡಬೇಕು. ಅನೇಕರಿಗೆ ಎರಡನೆಯದೇ ಹೆಚ್ಚು ರುಚಿ. ಮೂರನೆಯದು ಮುಗಿಯುವ ವೇಳೆಗೆ ಸುರುಟಿದ್ದ ಎಲೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಬಿಳಿ ತಟ್ಟೆಯ ಮೇಲೆ ಹರಡಿ ಭೂತಗನ್ನಡಿ ಹಿಡಿದರೆ ಒಂದು ಮೊಗ್ಗು, ಅದರ ಕೆಳಗೆ ಒಂದೋ ಎರಡೋ ಎಳೆ ಎಲೆ, ಅಂಚಿನಲ್ಲಿ ಗರಗಸದ ಸಣ್ಣ ಹಲ್ಲುಗಳು ಕಾಣುತ್ತವೆ. ನೋಡಿ ಆದ ಮೇಲೆ ಎಲೆ ಗುಲಾಬಿ ಕುಂಡದ ಮಣ್ಣಿಗೆ.