ಅಪ್ಪನ ಹಳೇ ಎಕ್ಸ್‌ರೇ

ನಮ್ಮ ಮನೆ ಟ್ರಂಕಿನಲ್ಲಿ, ರೇಷನ್ ಕಾರ್ಡು, ಪಹಣಿ ಕಾಗದಗಳ ಅಡಿಯಲ್ಲಿ ಒಂದು ಎಕ್ಸ್‌ರೇ ಇತ್ತು. 1994ರಲ್ಲಿ ಅಪ್ಪ ಹಲಸಿನ ಮರದಿಂದ ಬಿದ್ದು ಬಲಗಾಲಿನ ಮೂಳೆ, ಪಾದದ ಗಂಟಿಗಿಂತ ಸ್ವಲ್ಪ ಮೇಲೆ, ಮುರಿದುಕೊಂಡಾಗ ತೆಗೆಸಿದ್ದು. ಮೂಳೆ ಕೂಡಿತು, ಆದರೆ ಆಮೇಲೆ ಅಪ್ಪ ಕಾಲು ಸ್ವಲ್ಪ ಎಳೆದೇ ನಡೆಯುತ್ತಿದ್ದರು. ಹೊಲಿಗೆ ಮೆಷಿನ್ ತುಳಿಯೋಕೆ ಮಾತ್ರ ಏನೂ ತೊಂದರೆ ಇರಲಿಲ್ಲ. ದೀಪಾವಳಿ ಹೊತ್ತಿಗೆ ರಾತ್ರಿ ಒಂದು ಗಂಟೆವರೆಗೂ ಆ ಕಾಲು ಓಡುತ್ತಲೇ ಇರುತ್ತಿತ್ತು.

2016ರಲ್ಲಿ ಸಂತೆಯಿಂದ ಬರುವಾಗ ಹಿಂದಿನಿಂದ ಬೈಕೊಂದು ಗುದ್ದಿತು. ಅದೇ ಬಲಗಾಲು. ಈ ಸಲ ಮೊಣಕಾಲು. ಪ್ಲೇಟು, ಸ್ಕ್ರೂ ಎಲ್ಲ ಹಾಕಿದರು, ಆದರೆ ಮೊಣಕಾಲು ಪೂರ್ತಿ ಮಡಚಲಿಲ್ಲ.

ಪರಿಹಾರಕ್ಕೆ ಕೇಸು ಹಾಕಿದೆವು. "ಹಳೇ ಪೆಟ್ಟು ಏನಾದ್ರೂ ಇತ್ತಾ?" ಅಂತ ನಮ್ಮ ವಕೀಲರು ಮೊದಲ ದಿನವೇ ಕೇಳಿದರು. "ಇಲ್ಲ ಸಾರ್" ಅಂದೆ. ಹೌದು, ನಾನೇ ಅಂದಿದ್ದು. ಮನೆಗೆ ಬಂದು ಅಪ್ಪನಿಗೂ ಹೇಳಿಕೊಟ್ಟೆ. "ನಾನು ಕುಂಟೋದು ಇಡೀ ಊರಿಗೇ ಗೊತ್ತಲ್ಲೋ..." ಅಂದು ಸುಮ್ಮನಾದರು.

ಪಾಟೀ ಸವಾಲಿನ ದಿನ ವಿಮಾ ಕಂಪನಿಯ ವಕೀಲರ ಕೈಯಲ್ಲಿ ಆಸ್ಪತ್ರೆಯ ಕೇಸ್ ಶೀಟ್ ಇತ್ತು. ಅದರಲ್ಲಿ ಹಳೇ ಮುರಿತದ ವಿಷಯ ಬರೆದಿತ್ತು. ಬರೆಸಿದ್ದು ಯಾರು ಅಂತೀರಾ? ಅಪಘಾತದ ರಾತ್ರಿ ಗಾಬರಿಯಲ್ಲಿ ಡ್ಯೂಟಿ ಡಾಕ್ಟರಿಗೆ ಎಲ್ಲ ಒದರಿದ್ದ ನಾನೇ!

"ನೀವು ಮೊದಲಿಂದಲೂ ಕುಂಟುತ್ತಿದ್ದಿರಿ ಎಂದರೆ ಸರಿಯೇ?"

"ಸರಿ ಸ್ವಾಮಿ. ಎಕ್ಸ್‌ರೇನೂ ಮನೇಲಿದೆ."

ನಾನು ತಲೆ ತಗ್ಗಿಸಿದೆ. ಹೊರಗೆ ಬಂದ ಮೇಲೆ ನಮ್ಮ ವಕೀಲರು ಬೈದದ್ದು ಅಪ್ಪನಿಗಲ್ಲ, ನನಗೆ. "ಮೊದಲೇ ಹೇಳಿದ್ರೆ ನಾವೇ ಕೋರ್ಟಿನ ಮುಂದೆ ಇಡಬಹುದಿತ್ತು. ಈಗ ಮುಚ್ಚಿಟ್ಟ ಹಾಗಾಯ್ತಲ್ಲ ಮಾರಾಯ!"

ಆಮೇಲೆ ಅವರೇ ಇಂಗ್ಲೆಂಡಿನ ಒಂದು ಕೇಸು ಹೇಳಿದರು, 1962ರ ಕಾನೂನು ವರದಿಯಲ್ಲಿ ಬಂದದ್ದು. ಒಬ್ಬ ಕಾರ್ಮಿಕನ ತುಟಿಗೆ ಕರಗಿದ ಲೋಹ ಸಿಡಿದು ಸುಟ್ಟಿತು. ಅಲ್ಲಿ ಮೊದಲೇ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ ಇತ್ತಂತೆ. ಸುಟ್ಟ ಗಾಯ ಕ್ಯಾನ್ಸರಾಗಿ ಆತ ತೀರಿಕೊಂಡ. ಸಾವಿಗೂ ಮಾಲೀಕರೇ ಹೊಣೆ ಎಂದಿತು ಕೋರ್ಟು. ಆದರೆ ಈ ಗಾಯ ಆಗದಿದ್ದರೂ ಆತನಿಗೆ ಕ್ಯಾನ್ಸರ್ ಬರಬಹುದಿತ್ತು ಎಂದು ಪರಿಹಾರದಲ್ಲಿ ಒಂದಿಷ್ಟು ಕಡಿಮೆಯನ್ನೂ ಮಾಡಿತು. ಅಂದರೆ, 'ಗಟ್ಟಿ ಕಾಲಾಗಿದ್ದರೆ ಇಷ್ಟು ಮುರಿಯುತ್ತಿರಲಿಲ್ಲ' ಅಂತ ಗುದ್ದಿದವನು ಜಾರಿಕೊಳ್ಳುವ ಹಾಗಿಲ್ಲ, ಹಲಸಿನ ಮರದ ಲೆಕ್ಕವನ್ನು ಬೈಕಿನವನ ತಲೆಗೆ ಕಟ್ಟುವ ಹಾಗೂ ಇಲ್ಲ.

ಹಳೆಯದೆಷ್ಟು, ಹೊಸದೆಷ್ಟು ಅಂತ ಬೇರ್ಪಡಿಸುವುದೇ ಕಷ್ಟ. ನಮಗೆ ಅದನ್ನು ಬೇರ್ಪಡಿಸಿಕೊಟ್ಟದ್ದು ನಾನು ಬಚ್ಚಿಟ್ಟಿದ್ದ ಆ ಎಕ್ಸ್‌ರೇ! ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದು, ಹಳೇ ಮುರಿತ ಪಾದದ ಹತ್ತಿರ, ಚೆನ್ನಾಗಿ ಕೂಡಿದೆ, ಮೊಣಕಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಅಪ್ಪನ ಅಳತೆ ಪುಸ್ತಕವನ್ನೂ ಹಾಜರುಪಡಿಸಿದೆವು. ಅಪಘಾತದ ಹಿಂದಿನ ವಾರದವರೆಗೂ ದಿನದಿನದ ಅಂಗಿ, ಪ್ಯಾಂಟು, ಬ್ಲೌಸುಗಳ ಲೆಕ್ಕ ಅದರಲ್ಲಿತ್ತು.

2010ರಲ್ಲಿ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಪ್ರಕರಣದಲ್ಲಿ (ನಮ್ಮ ಅಣ್ಣಾವ್ರಲ್ಲ!) ಹೇಳಿದ್ದು ಇದನ್ನೇ: ಅಂಗ ಎಷ್ಟು ಶೇಕಡಾ ಊನವಾಯಿತು ಎನ್ನುವುದು ಒಂದು, ಅದರಿಂದ ಅವನ ದುಡಿಮೆ ಎಷ್ಟು ಹೋಯಿತು ಎನ್ನುವುದು ಇನ್ನೊಂದು. ಕೈ ಹೋದ ಗುಮಾಸ್ತನ ಕೆಲಸ ಉಳಿಯಬಹುದು, ಬಡಗಿಯದು ಉಳಿಯೋದಿಲ್ಲ.

ಡಾಕ್ಟರು ಕಾಲಿಗೆ 30 ಶೇಕಡಾ ಎಂದಿದ್ದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 10. ಅದರಲ್ಲಿ ಅರ್ಧ ಹಳೆಯದು, 5 ಸಾಕು ಅಂತ ಕಂಪನಿಯ ವಾದ. ಮೆಷಿನ್ ತುಳಿಯುವವನ ಕಾಲು ಇದು ಎಂದು ನ್ಯಾಯಾಧೀಶರು 15 ಹಿಡಿದರು. ತಿಂಗಳಿಗೆ 9,000 ರೂಪಾಯಿ ಆದಾಯ, 53 ವಯಸ್ಸಿಗೆ ಗುಣಕ 11. ದುಡಿಮೆ ನಷ್ಟದ ಬಾಬ್ತು 1,78,200 ರೂಪಾಯಿ ಬಂತು. 5 ಹಿಡಿದಿದ್ದರೆ 59,400.

ಅಪ್ಪ ಅದರಲ್ಲಿ ಮೆಷಿನ್ನಿಗೆ ಮೋಟಾರು ಹಾಕಿಸಿದರು. ಈಗ ಎಡಗಾಲಲ್ಲಿ ಒತ್ತುತ್ತಾರೆ. ಮೊದಮೊದಲು ಹೊಲಿಗೆ ಸೊಟ್ಟ ಹೋಗುತ್ತಿತ್ತು, ಈಗ ಪರವಾಗಿಲ್ಲ. ಟ್ರಂಕಿನ ಕೀಲಿಕೈ ಮಾತ್ರ ಅವತ್ತಿಂದ ಅವರ ಸೊಂಟದ ಉಡಿದಾರದಲ್ಲೇ ಇದೆ. ನನ್ನ ಕೈಗೆ ಕೊಡೋದಿಲ್ಲ.