ಏರ್ಕಾಡಿನಲ್ಲಿ ಒಂದು ನೊಟ್ಟುಸ್ವರ

ಧರ್ಮಪುರಿಯಿಂದ ಹೊರಟ ಬಸ್ಸು ತೊಪ್ಪೂರು ಘಟ್ಟವನ್ನಿಳಿದು ಸೇಲಂ ಮುಟ್ಟಿದಾಗ ಬಿಸಿಲೇರಿತ್ತು. ಅಲ್ಲಿಂದ ಇಪ್ಪತ್ತು ಕಡಿದಾದ ತಿರುವುಗಳನ್ನು ಹತ್ತಿದರೆ ಏರ್ಕಾಡು. ಕಾಫಿ ತೋಟಗಳ ತಂಪು ನೆರಳು. ನಾನು ಹೋದದ್ದು ಬೆಟ್ಟ ನೋಡಲೆಂದಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ಮುತ್ತುಸ್ವಾಮಿ ದೀಕ್ಷಿತರ ‘ವಂದೇ ಮೀನಾಕ್ಷಿ’ಯನ್ನು ಪಿಯಾನೊಗೆ ಅಳವಡಿಸಲು ನನ್ನನ್ನು ಕರೆದಿದ್ದಳು. ಪ್ರತಿ ನವರಾತ್ರಿಗೂ ಹಾರ್ಮೋನಿಯಂ ಮುಂದಿಟ್ಟುಕೊಂಡು ನಮ್ಮೂರ ಮಕ್ಕಳಿಗೆ ನಾನು ಕಲಿಸುವ ಹಾಡು ಅದು.

“ಮೇಷ್ಟ್ರೇ, ಇದರ ಧಾಟಿ ಐರ್ಲೆಂಡಿನ ಕುಣಿತದ್ದು, ‘ರೇಕ್ಸ್ ಆಫ್ ಮ್ಯಾಲೊ’ ಎಂದು ಹೆಸರು” ಎಂದಳು.

ಇಂಗ್ಲಿಷ್ ಧಾಟಿಯೆಂದಷ್ಟೇ ಬಲ್ಲೆ. ಮ್ಯಾಲೊ ಪಟ್ಟಣದಲ್ಲಿ ಕುಡಿದು ಕುಣಿದಾಡುತ್ತಿದ್ದ ಪುಂಡ ಯುವಕರ ಹಾಡೆಂದು ತಿಳಿದಾಗ ಮನಸ್ಸು ಮುದುಡಿತು. ಇಷ್ಟು ವರ್ಷ ದೇವಿಯ ಮುಂದೆ ಹಾಡಿಸಿದ್ದು ಇದನ್ನೇ?

ನಮ್ಮ ಬಾರಾಮಹಲ್ ಸೀಮೆ 1792ರಲ್ಲಿ ಟಿಪ್ಪುವಿನ ಕೈಬಿಟ್ಟು ಕುಂಪಣಿಗೆ ಸೇರಿತು. ಸುಮಾರು ಆ ಕಾಲದಲ್ಲೇ ಮದರಾಸಿನ ಬಳಿಯ ಮಣಲಿಯಲ್ಲಿ ದೀಕ್ಷಿತರ ಕುಟುಂಬ ಆಶ್ರಯ ಪಡೆದಿತ್ತು. ಕೋಟೆಯ ಬ್ಯಾಂಡಿನವರು ನುಡಿಸುತ್ತಿದ್ದ ಇಂತಹ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಅವೇ ನೊಟ್ಟುಸ್ವರಗಳು.

ಹಾರ್ಮೋನಿಯಂನಲ್ಲಿ ಎಡಗೈ ತಿದಿಯೊತ್ತುತ್ತದೆ. ಪಿಯಾನೊದಲ್ಲಿ ಅದಕ್ಕೂ ಸ್ವರ ಬೇಕು. ಆಕೆ ಹೆಜ್ಜೆಹೆಜ್ಜೆಗೂ ಮೂರು ಮೂರು ಸ್ವರಗಳನ್ನು ಹೇರಿದ್ದರಿಂದ ಧಾಟಿ ಎಡವುತ್ತಿತ್ತು. ಶಂಕರಾಭರಣದ ಶುದ್ಧ ಸಂಚಾರ; ಗಮಕದ ಬಳುಕಿಲ್ಲ. ಸ್ವರವನ್ನು ಬಳುಕಿಸಲಾರದ ಪಿಯಾನೊಗೆ ಅದು ಅನುಕೂಲವೇ. ಧಾಟಿ ಮೊದಲು ಸ-ಗಗಳ ನಡುವೆ ಜಿಗಿಯುತ್ತದೆ, ಬಳಿಕ ಕೆಳಗಿನ ನಿ ಮತ್ತು ರಿಗಳ ನಡುವೆ. ಪಾಶ್ಚಾತ್ಯ ಕ್ರಮದಲ್ಲಿ ಮೊದಲನೆಯದಕ್ಕೆ ಸ-ಗ-ಪ, ಎರಡನೆಯದಕ್ಕೆ ಪ-ನಿ-ರಿ ಜೊತೆಗೂಡಬೇಕು. ಎರಡರಲ್ಲೂ ಪಂಚಮವಿದೆ!

“ಪಂಚಮವನ್ನು ತಂಬೂರಿಯಂತೆ ನಿಲ್ಲಿಸಮ್ಮ. ಅದರ ಕೆಳಗೆ ಮೊದಲು ಸ, ಆಮೇಲೆ ನಿ, ಅಷ್ಟೇ ಸಾಕು” ಎಂದೆ.

ಐರ್ಲೆಂಡಿನ ಬ್ಯಾಗ್‌ಪೈಪಿನಲ್ಲೂ ಶ್ರುತಿ ಹಿಡಿಯುವ ಕೊಳವೆಗಳುಂಟು ಎಂದು ಆಕೆ ನಕ್ಕು ನುಡಿಸಿದಳು. ಎಡಗೈ ಹಗುರವಾಯಿತು; ಧಾಟಿ ಎದ್ದು ನಡೆಯಿತು. ಬಾಗಿಲಲ್ಲಿ ನಿಂತಿದ್ದ ತೋಟದ ಆಳಿನ ಪುಟ್ಟ ಮಗಳು ತನಗರಿವಿಲ್ಲದೆ ಕುಪ್ಪಳಿಸತೊಡಗಿದಳು. ಆ ಕುಣಿತದಲ್ಲಿ ಮೈಲಿಗೆಯೆನ್ನುವಂಥದು ಏನೂ ನನಗೆ ಕಾಣಲಿಲ್ಲ. ದೀಕ್ಷಿತರಿಗೂ ಕಂಡಿರಲಾರದು.

ಆ ವರ್ಷದ ನವರಾತ್ರಿಯಲ್ಲಿ ಮಕ್ಕಳಿಗೆ ಈ ಕಥೆಯನ್ನು ಮರೆಮಾಚದೆ ಹೇಳಿದೆ. ಒಬ್ಬ ಹುಡುಗ ಎದ್ದುನಿಂತು, “ಹಾಗಾದರೆ ಕುಣಿಯುತ್ತಲೇ ಹಾಡಬಹುದಲ್ಲವೇ, ಸಾರ್?” ಎಂದು ಕೇಳಿದ.

ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.